ಹಿನ್ನೀರಿನಿಂದ ಕಾಫಿ ಕಣದವರೆಗೆ: ಕ್ರಿಸ್‌ಮಸ್ ವಾರದ ಆರು ದಿನ

ಡಿಸೆಂಬರ್ ಕೊನೆಯ ವಾರ ಹಾಸನ, ಚಿಕ್ಕಮಗಳೂರಿನ ಕಡೆ ಬರುವವರಲ್ಲಿ ಹೋಂಸ್ಟೇಗೆ ಬರುವವರೇ ಹೆಚ್ಚು. ಅವರ ನಡುವೆ ಮನೆಗೆ ಬರುವವರೂ ಇರುತ್ತಾರೆ. ಅಪ್ಪ ತೀರಿಕೊಂಡ ಮೇಲಿನ ಮೊದಲ ಹಬ್ಬಕ್ಕೆ ಬಂದವರು, ಚರ್ಚಿನ ಕಡೆ ತಲೆ ಹಾಕದೆ ಹತ್ತು ವರ್ಷ ಆದವರು, ಬೇರೆ ಧರ್ಮದ ಮನೆ ಸೇರಿ ಎರಡೂ ಕಡೆಯ ಅಮ್ಮಂದಿರನ್ನು ಸಮಾಧಾನ ಮಾಡಬೇಕಾದವರು. ಹಬ್ಬ ಬೇಕು ಅನ್ನಿಸುತ್ತದೆ, ಬೇಡವೂ ಅನ್ನಿಸುತ್ತದೆ. ಅಂಥವರು 25ನೇ ತಾರೀಖು ಬೆಳಿಗ್ಗೆ ಬಂದು ಸಂಜೆ ಹೊರಟರೆ ಗದ್ದಲ ಮಾತ್ರ ಕೈಗೆ ಸಿಗುತ್ತದೆ. ಎರಡು ದಿನ ಮೊದಲೇ ಬಂದು ಮೂರು ದಿನ ಉಳಿದು ಹೋಗುವುದು ವಾಸಿ. ಆ ಲೆಕ್ಕದಲ್ಲಿ ಈ ದಾರಿ.

ಡಿಸೆಂಬರ್ 23, ಶೆಟ್ಟಿಹಳ್ಳಿ

ಮೊದಲು ನೋಡಬೇಕಾದ್ದು ಹಬ್ಬವೇ ನಡೆಯದ ಚರ್ಚನ್ನು. ಹಾಸನದಿಂದ ಗೊರೂರಿನ ಕಡೆಗೆ 20 ಕಿ.ಮೀ. ಆಸುಪಾಸಿನಲ್ಲಿ ಶೆಟ್ಟಿಹಳ್ಳಿ, ಅಲ್ಲಿಂದ ಸ್ವಲ್ಪ ಮುಂದೆ ಹೇಮಾವತಿಯ ಹಿನ್ನೀರಿನಲ್ಲಿ ರೋಸರಿ ಚರ್ಚು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದು ನೀರು ನಿಂತಿತು, ಊರು ಎದ್ದು ಬೇರೆಡೆ ಹೋಯಿತು, ಗೋಡೆ ಮತ್ತು ಕಮಾನು ಉಳಿದವು. ಚಾವಣಿ ಇಲ್ಲ. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆ ಹತ್ತಿರವಾದಂತೆ ಮೇಲೇಳುತ್ತದೆ. ಹಾಗಾಗಿ ಜನ ಕರೆಯುವುದೂ ಮುಳುಗುವ ಚರ್ಚು ಎಂದೇ.

ಮುಳುಗುವುದಕ್ಕೂ ಮೇಲೇಳುವುದಕ್ಕೂ ನಡುವಿನ ತಿಂಗಳು ಡಿಸೆಂಬರ್. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಹೊರಡುವ ಮುಂಚೆ ಪತ್ರಿಕೆಯ ‘ಜಲಾಶಯಗಳ ನೀರಿನ ಮಟ್ಟ’ ಪಟ್ಟಿ ನೋಡಿ. ಮಟ್ಟ ಅದರ ಹತ್ತಿರ ಇದ್ದರೆ ದಡದಲ್ಲೇ ನಿಂತು ನೋಡಬೇಕು. ಇಳಿದಿದ್ದರೆ ಗೋಡೆಯ ಬುಡದವರೆಗೂ ನಡೆಯಬಹುದು, ಆದರೆ ನೀರು ಈಗಷ್ಟೇ ಬಿಟ್ಟ ನೆಲವನ್ನು ನಂಬಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ, ಒಳಗೆ ಜಿಗುಟು ಗೋಡು. ಕಾಲಿಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಹಸುಗಳು ನಡೆದ ಜಾಡಿನಲ್ಲೇ ಹೋಗುವುದು ಕ್ಷೇಮ. ಕಮಾನಿನ ಕೆಳಗೆ ನಿಲ್ಲಲೇಬೇಡಿ. ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವ ಗಾರೆ ಹಿಡಿತ ಬಿಡುತ್ತಾ ಬಂದಿದೆ, ಗೋಡೆಯ ಭಾಗಗಳು ಉದುರಿ ಬಿದ್ದಿವೆ.

ಏಳು ಗಂಟೆಗೆ ಅಲ್ಲಿದ್ದರೆ ಮಂಜು ನೀರಿನ ಮೇಲೆ ಇನ್ನೂ ಮಲಗಿರುತ್ತದೆ. ಹತ್ತರ ಮೇಲೆ ಮದುವೆ ಮುಂಚಿನ ಫೋಟೊದವರು ಉದ್ದ ಗೌನು ಹಿಡಿದು ಬರುತ್ತಾರೆ. ಅದು ತಪ್ಪೇನಲ್ಲ, ಆದರೂ ಯಾರದೋ ಅಜ್ಜಿ ಮಂಡಿಯೂರಿದ ಜಾಗದಲ್ಲಿ ಡ್ರೋನು ಗುಂಯ್‌ಗುಡುವಾಗ ಕಸಿವಿಸಿ ಆಗುವುದು ಸಹಜ. ಮೇಣದಬತ್ತಿ ಹಚ್ಚುವ ಮನಸ್ಸಿದ್ದವರು ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ತನ್ನಿ. ಹಿನ್ನೀರಿನ ಗಾಳಿಗೆ ಬರೀ ಬತ್ತಿ ಒಂದು ನಿಮಿಷವೂ ನಿಲ್ಲುವುದಿಲ್ಲ. ಮುಗಿದ ಮೇಲೆ ಬಾಟಲಿ, ಮೇಣ ಎರಡನ್ನೂ ವಾಪಸು ಒಯ್ಯಿರಿ.

ಹಬ್ಬದ ಹೊತ್ತಿಗೆ ಇಲ್ಲಿಗೆ ಬರುವ ಹಳಬರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದಡದಲ್ಲಿ ನಿಂತು ಶಿಲುಬೆಯ ಗುರುತು ಹಾಕುತ್ತಾರೆ, “ನಮ್ಮ ಮನೆ ಅಲ್ಲಿತ್ತು” ಎಂದು ನೀರಿನ ಕಡೆ ಕೈ ತೋರಿಸುತ್ತಾರೆ, ಹೊರಟುಬಿಡುತ್ತಾರೆ. ಮಾರನೆಯ ದಿನ ಹೊಸ ಚರ್ಚಿನಲ್ಲಿ ಹೊಸ ಸೀರೆಯಲ್ಲಿ ಕಾಣುವವರೂ ಅವರೇ.

ಡಿಸೆಂಬರ್ 24, ಹಾಸನ

ಪೇಟೆಯಲ್ಲಿ ಡಿಸೆಂಬರ್ ಮೊದಲ ವಾರದಿಂದಲೇ ಕ್ರಿಸ್‌ಮಸ್. ಬೇಕರಿ ಗಾಜಿನೊಳಗೆ ಹತ್ತಿಯ ಹಿಮ, ಕೆಂಪು ಟೋಪಿ. ಚರ್ಚಿನ ಪಂಚಾಂಗದಲ್ಲಿ ಮಾತ್ರ 24ರ ಸಂಜೆಯವರೆಗೂ ಹಬ್ಬ ಇಲ್ಲ. ಅಲ್ಲಿಯವರೆಗೆ ಆಗಮನ ಕಾಲ, ನಾಲ್ಕು ಭಾನುವಾರ, ನೇರಳೆ ಬಣ್ಣದ ಪೂಜಾವಸ್ತ್ರ. ಕಾಯುವ ಕಾಲ ಅದು, ಪಾಪನಿವೇದನೆಯ ಕಾಲವೂ ಹೌದು. ಮೂರನೆಯ ಭಾನುವಾರ ಒಂದು ದಿನ ಗುಲಾಬಿ ಬಣ್ಣ, ಕಾಯುವವರಿಗೆ ಸ್ವಲ್ಪ ಧೈರ್ಯ ಬರಲಿ ಎಂದು. ಎಲ್ಲರೂ ಕುಣಿಯುವಾಗ ನನಗೇಕೆ ಮನಸ್ಸಿಲ್ಲ ಎಂದು ತಲೆಕೆಡಿಸಿಕೊಂಡವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಆ ಮಟ್ಟಿಗೆ ಚರ್ಚು ಅವರ ಕಡೆಗೇ ಇದೆ.

ಬೆಳಗಿನ ಕೆಲಸ ಅಡುಗೆಮನೆಯದು. ಹಾಸನದ ಕನ್ನಡ ಕ್ರೈಸ್ತರ ಮನೆಯ ಡಬ್ಬಿ ತೆರೆದರೆ ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ, ರವೆ ಉಂಡೆ. ಗೌರಿ ಹಬ್ಬದ ಡಬ್ಬಿಗೂ ಇದಕ್ಕೂ ವ್ಯತ್ಯಾಸ ಹುಡುಕಬೇಕು. ಮಂಗಳೂರಿನಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆಗಳಲ್ಲಿ ಇದಕ್ಕೆ ಕುಸ್ವಾರ್ ಎಂಬ ಹೆಸರು. ಅಲ್ಲಿ ಕರ್ಜಿಕಾಯಿ ನೇವ್ರಿ ಆಗುತ್ತದೆ, ಜೊತೆಗೆ ಕಿಡಿಯೊ, ಗುಳಿಯೊ, ಕೊಕ್ಕಿಸಾಂ. ಈ ಕೊಕ್ಕಿಸಾಂ ಕರಾವಳಿಯ ಗುಲಾಬಿ ಹೂ. ಕಬ್ಬಿಣದ ಅಚ್ಚಿನಲ್ಲಿ ಕರಿಯುವ ಇದನ್ನು ಹೊಸದಾಗಿ ಮಾಡಲು ಕೂತವರು ಅಳುವುದು ಖಂಡಿತ, ಆದ್ದರಿಂದ ಸ್ವಲ್ಪ ವಿವರ.

ಅರ್ಧ ಕೆ.ಜಿ. ಬೆಳ್ತಿಗೆ ಅಕ್ಕಿ ನಾಲ್ಕೈದು ಗಂಟೆ ನೆನೆಯಲಿ. ಒಂದು ದೊಡ್ಡ ತೆಂಗಿನಕಾಯಿಯ ಗಟ್ಟಿ ಹಾಲಿನಲ್ಲೇ ನುಣ್ಣಗೆ ರುಬ್ಬಿ. ಅದಕ್ಕೆ 150 ಗ್ರಾಂ ಮೈದಾ, 150 ಗ್ರಾಂ ಪುಡಿ ಸಕ್ಕರೆ, ಎರಡು ಮೊಟ್ಟೆ, ಎರಡು ಚಮಚ ಕರಿ ಎಳ್ಳು, ಚಿಟಿಕೆ ಉಪ್ಪು. ಹಿಟ್ಟು ದೋಸೆ ಹಿಟ್ಟಿಗಿಂತ ಒಂದು ಹದ ತೆಳ್ಳಗಿರಬೇಕು. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಿ ಮತ್ತೆ ಎಣ್ಣೆಗೆ ಇಳಿಸಿ. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ತಲೆಯ ಮೇಲೂ ಕೂತು ಬೀಗ ಹಾಕಿದಂತೆ ಹಿಡಿದುಕೊಳ್ಳುತ್ತದೆ, ಚಾಕುವಿನಲ್ಲಿ ಕೆರೆದೇ ಬಿಡಿಸಬೇಕು. ಅಚ್ಚು ಕಾಯದಿದ್ದರೆ ಹಿಟ್ಟು ಜಾರುತ್ತದೆ. ಹೊಗೆಯಾಡುವಷ್ಟು ಕಾದರೆ ಅಂಟುವುದೇ ಇಲ್ಲ, ಅದ್ದಿದ ಪಾತ್ರೆಯಲ್ಲೇ ಬೆಂದು ಉದುರುತ್ತದೆ. ಸರಿಯಾಗಿ ಕಾದ ಅಚ್ಚು ಹಿಟ್ಟಿಗೆ ಇಳಿದಾಗ ಸಣ್ಣಗೆ ‘ಚುಂಯ್’ ಎನ್ನುತ್ತದೆ, ಸಿಡಿಯುವುದಿಲ್ಲ. ಹೊಸ ಅಚ್ಚಾದರೆ ಹಿಂದಿನ ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ, ಆದರೂ ಮೊದಲ ನಾಲ್ಕು ಹೂ ಕೆಡುತ್ತವೆ, ಮಕ್ಕಳಿಗೆ ಅವೇ. ಸಕ್ಕರೆ ಹೆಚ್ಚಿದರೆ ಹೂ ಬೇಗ ಕೆಂಪಾಗುತ್ತದೆ, ಆರಿದ ಮೇಲೆ ಮೆತ್ತಗಾಗುತ್ತದೆ. ಮೊಟ್ಟೆ ತಿನ್ನದ ನೆರೆಮನೆಗೆ ಕಳಿಸುವುದಾದರೆ ಮೊಟ್ಟೆ ಬೆರೆಸುವ ಮೊದಲೇ ಒಂದು ಪಾಲು ಹಿಟ್ಟು ತೆಗೆದಿಟ್ಟು, ಹೊಸ ಎಣ್ಣೆಯಲ್ಲಿ ಅದನ್ನೇ ಮೊದಲು ಕರಿಯಿರಿ. ಗರಿ ಸ್ವಲ್ಪ ಕಡಿಮೆ, ಆದರೆ ತಟ್ಟೆ ಕೊಡುವಾಗ ಕಣ್ಣು ತಗ್ಗಿಸಬೇಕಾಗಿಲ್ಲ.

ಸಾವಾದ ಮನೆಯಲ್ಲಿ ಆ ವರ್ಷ ಬಾಂಡಲಿ ಇಡುವುದಿಲ್ಲ. ಅಕ್ಕಪಕ್ಕದವರ ತಟ್ಟೆ ಬರುತ್ತದೆ. ಅಂಥ ಮನೆಗೆ ಹೋದಾಗ ರೂಢಿಯಂತೆ “ಹಬ್ಬ ಜೋರಾ?” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಿ. “ಊಟ ಆಯ್ತಾ ಅಕ್ಕ?” ಸಾಕು. ಉಳಿದದ್ದನ್ನು ಆಕೆ ಹೇಳಿದರೆ ಕೇಳಿ, ಹೇಳದಿದ್ದರೆ ತಟ್ಟೆ ಕೊಟ್ಟು ಬನ್ನಿ.

ಮಧ್ಯಾಹ್ನ ಚರ್ಚಿನಲ್ಲಿ ಗೋದಲಿ ಮುಗಿಸುವ ಗಡಿಬಿಡಿ. ಭತ್ತದ ಹುಲ್ಲಿನ ಕೊಟ್ಟಿಗೆ, ಮಣ್ಣಿನ ದನ, ಕುರಿ, ಮರಿಯಮ್ಮ, ಜೋಸೆಫ್. ತೊಟ್ಟಿಲ ಜಾಗ ಖಾಲಿ. ಬಾಲಯೇಸುವಿನ ಮೂರ್ತಿ ಇಡುವುದು ರಾತ್ರಿ ಪೂಜೆಯಲ್ಲೇ. ಎದುರಿಗಿರುವ ಹಸಿರು ಗದ್ದೆ ರಾಗಿಯದು. ಹತ್ತು ದಿನ ಮೊದಲು ರಾಗಿಯನ್ನು ಒಂದು ರಾತ್ರಿ ನೆನೆಸಿ, ಎರಡು ಬೆರಳು ದಪ್ಪ ಮಣ್ಣು ತುಂಬಿದ ತಟ್ಟೆಯಲ್ಲಿ ಒತ್ತೊತ್ತಾಗಿ ಚೆಲ್ಲಿ ಬೆಳೆಸಿದ್ದು. ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸಾಕು. ಸುರಿದರೆ ಬುಡದಲ್ಲಿ ಬೂಸ್ಟು, ಕತ್ತಲೆಯ ಮೂಲೆಯಲ್ಲಿಟ್ಟರೆ ಹಳದಿ. ಸೀರಿಯಲ್ ಲೈಟಿನ ಜೋಡಣೆ ಒಣ ಹುಲ್ಲಿನೊಳಗೆ ಬರದಂತೆ ನೋಡಿಕೊಳ್ಳಬೇಕು. ಎಲ್‌ಇಡಿ ಬಲ್ಬು ಬಿಸಿಯಾಗದಿರಬಹುದು, ಇನ್ಸುಲೇಷನ್ ಟೇಪಿಲ್ಲದೆ ಹುರಿ ಮಾಡಿ ಬಿಟ್ಟ ತಂತಿಗೆ ಆ ಭರವಸೆ ಇಲ್ಲ.

ನಕ್ಷತ್ರವನ್ನು ಕೊಳ್ಳುವವರೇ ಹೆಚ್ಚು. ಕಟ್ಟುವವರಿಗೆ ಒಂದೇ ಅಳತೆಯ ಹತ್ತು ಬಿದಿರು ಕಡ್ಡಿ ಬೇಕು. ಐದೈದರಲ್ಲಿ ಎರಡು ನಕ್ಷತ್ರ, ಐದು ತುದಿಗಳಲ್ಲಿ ಎರಡನ್ನೂ ಸೇರಿಸಿ ಬಿಗಿದು, ಒಳಗಿನ ಐದು ಸಂದಿಗೆ ಒಂದೊಂದು ಗೇಣುದ್ದದ ಅಡ್ಡಕಡ್ಡಿ ಕೊಟ್ಟರೆ ಹೊಟ್ಟೆ ಉಬ್ಬುತ್ತದೆ. ಗಾಳಿಪಟದ ಕಾಗದ ಚಂದ, ಆದರೆ ಮಲೆನಾಡಿನ ಇಬ್ಬನಿಗೆ ಎರಡೇ ರಾತ್ರಿಯಲ್ಲಿ ಜೋತುಬೀಳುತ್ತದೆ. ಅದನ್ನು ಜಗಲಿಯ ಸೂರಿನೊಳಗೇ ಕಟ್ಟಿ.

ರಾತ್ರಿಯ ಬಲಿಪೂಜೆ ಹೆಸರಿಗೆ ನಡುರಾತ್ರಿಯದು. ಹತ್ತು ಗಂಟೆಯ ಧ್ವನಿವರ್ಧಕ ನಿಯಮಕ್ಕೋ ಚಳಿಗೋ ಕೆಲವೆಡೆ ಏಳೂವರೆ, ಎಂಟಕ್ಕೇ ಶುರು. ಬೆಳಿಗ್ಗೆಯೇ ಚರ್ಚಿನ ಫಲಕ ನೋಡಿಟ್ಟುಕೊಳ್ಳಿ. ಬಹಳ ವರ್ಷದ ಮೇಲೆ ಬಂದವರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಏಳುವುದು, ಮಂಡಿಯೂರುವುದು ಮುಂದಿನವರನ್ನು ನೋಡಿ ಮಾಡಿದರೆ ಆಯಿತು. ಪರಮಪ್ರಸಾದದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯ) ಸಾಲು ಬಂದಾಗ ಕಥೋಲಿಕರಲ್ಲದವರು ಕೂತಲ್ಲೇ ಇರಬೇಕು, ಅದರಲ್ಲಿ ಅವಮಾನವೇನೂ ಇಲ್ಲ. ಮನಸ್ಸು ಸಿದ್ಧವಿಲ್ಲದ ಕಥೋಲಿಕರೂ ಕೂತೇ ಇರುತ್ತಾರೆ, ಯಾರೂ ಲೆಕ್ಕ ಇಡುವುದಿಲ್ಲ. ಪೂಜೆಯ ಭಾಷೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ತಿರುಗಿದ್ದು 1962–65ರ ಎರಡನೆಯ ವ್ಯಾಟಿಕನ್ ಸಮ್ಮೇಳನದ ನಂತರ. ಹಾಗಾಗಿ ತೀರಾ ಹಿರಿಯರಿಗೆ ಲ್ಯಾಟಿನ್ ಹಾಡಿನ ಒಂದೆರಡು ಸಾಲು ಈಗಲೂ ಬಾಯಿಗೆ ಬರುತ್ತದೆ. ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರ ಪದಗಳು ಬೇರೆ. ಅಲ್ಲಿ ಪೂಜೆ ಅನ್ನುವುದಿಲ್ಲ, ಆರಾಧನೆ. ಗುರುಗಳಲ್ಲ, ಅಯ್ಯನವರು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಆ ಕಡೆಯ ವೆಸ್ಲಿಯನ್ ಮಿಷನ್ನಿನ ಕಾಲದ್ದು.

ಡಿಸೆಂಬರ್ 25, ಬೇಲೂರು ದಾರಿ

ರಾತ್ರಿ ಪೂಜೆ ಮುಗಿಸಿದವರು ಮಲಗಿ ನಾಲ್ಕು ಗಂಟೆ ಆಗಿರುವುದಿಲ್ಲ, ವೈಷ್ಣವ ದೇವಾಲಯಗಳಲ್ಲಿ ಗಂಟೆ ಕೇಳುತ್ತದೆ. ಡಿಸೆಂಬರ್ 16ರಿಂದ ಜನವರಿ 14ರ ಆಸುಪಾಸಿನವರೆಗೆ ಧನುರ್ಮಾಸ, ಸೂರ್ಯ ಹುಟ್ಟುವ ಮೊದಲೇ ಪೂಜೆ, ಹುಗ್ಗಿಯ ಪ್ರಸಾದ. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದೂ ನಿತ್ಯಪೂಜೆ ಇದೆ. ಎರಡು ಧರ್ಮದ ಮನೆಗೆ ಸೇರಿದವರು ಈ ಬೆಳಿಗ್ಗೆ ಇಲ್ಲಿ ಹುಗ್ಗಿ, ಮಧ್ಯಾಹ್ನ ಅಲ್ಲಿ ‘ಸಣ್ಣ’ (ಇಡ್ಲಿಯಂಥ ಅಕ್ಕಿಯ ತಿಂಡಿ) ಎಂದು ಹೊಂದಿಸಿಕೊಳ್ಳುವುದುಂಟು. ಯಾವುದಕ್ಕೂ ಪೂರ್ತಿ ಇಲ್ಲ ಎಂಬ ಕೊರಗು ಅವರದ್ದು, ಎರಡೂ ಸಿಕ್ಕಿತಲ್ಲ ಎಂಬ ಹೊಟ್ಟೆಕಿಚ್ಚು ಉಳಿದವರದ್ದು.

2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಬೇಲೂರಿಗೆ ರಜೆಯ ದಿನ ವಿಪರೀತ ಜನ. ಒಂಬತ್ತರೊಳಗೆ ಹೊರಟುಬಿಡಿ. ಚಿಕ್ಕಮಗಳೂರು ಇನ್ನು 25 ಕಿ.ಮೀ.

ಚಿಕ್ಕಮಗಳೂರು ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತದ ಪ್ರದೇಶ) 1963ರದ್ದು, ಹಾಸನ ಜಿಲ್ಲೆಯೂ ಅದರೊಳಗೇ ಬರುತ್ತದೆ. ಸಂತ ಜೋಸೆಫರ ಪ್ರಧಾನಾಲಯದಲ್ಲಿ ಹಗಲಿನ ಪೂಜೆಗೆ ಓದುವ ಪಾಠ ರಾತ್ರಿಯದಲ್ಲ. ರಾತ್ರಿ ಲೂಕನ ಸುವಾರ್ತೆಯ ಕಥೆ, ಕೊಟ್ಟಿಗೆ, ಕುರುಬರು. ಮುಂಜಾನೆಯ ಪೂಜೆಗೆ ಕುರುಬರು ಹೋಗಿ ನೋಡಿದ ಭಾಗ. ಹಗಲಿಗೆ ಯೊವಾನ್ನನ ಸುವಾರ್ತೆಯ ಮೊದಲ ಅಧ್ಯಾಯ. ಅದರಲ್ಲಿ ಮಗುವೂ ಇಲ್ಲ, ದನವೂ ಇಲ್ಲ, ಕತ್ತಲೆ ಬೆಳಕಿನ ಮಾತು ಮಾತ್ರ. ಹಬ್ಬದ ಅಬ್ಬರ ಸಹಿಸದವರಿಗೆ ಈ ಮೂರನೆಯದೇ ಹಿಡಿಸುತ್ತದೆ ಎಂಬುದು ನಮ್ಮ ಅನಿಸಿಕೆ.

ಊಟ ತೋಟದಲ್ಲಿ. ಆಲ್ದೂರು, ಮೂಡಿಗೆರೆ ಕಡೆಯ ಎಸ್ಟೇಟುಗಳಲ್ಲಿ ರೈಟರ್ (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವ) ಮನೆಯವರು ಕೊಂಕಣಿ, ಕೂಲಿಯವರ ಲೈನು ಮನೆಗಳಲ್ಲಿ ತಮಿಳು ಮತ್ತು ಕನ್ನಡ, ಧಣಿಗಳು ಬೇರೆ ಧರ್ಮದವರು ಎನ್ನುವ ಬೆರಕೆ ಅಪರೂಪವಲ್ಲ. ರೈಟರ್ ಮನೆಯಲ್ಲಿ ‘ಸಣ್ಣ’, ಹಂದಿ ಬಫಾತು (ಮಸಾಲೆಯ ಮಾಂಸದ ಸಾರು). ಧಣಿಗಳ ಮನೆಗೆ ಹೋಗುವ ತಟ್ಟೆಯಲ್ಲಿ ಕೇಕು, ನೇವ್ರಿ, ಬಾಳೆಹಣ್ಣು ಮಾತ್ರ. ತಟ್ಟೆ ಬರಿದಾಗಿ ವಾಪಸು ಬರುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಇರುತ್ತದೆ.

ತೋಟಕ್ಕೆ ರಜೆ ಎನ್ನುವುದು ಬಾಯಿಮಾತು. ಅರೇಬಿಕಾ ಕೊಯ್ಲಿನ ನಡುಮಧ್ಯೆ ಈ ಹಬ್ಬ ಬೀಳುತ್ತದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕು, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಬೇಕು, ಚೀಲದಲ್ಲಿ ರಾತ್ರಿ ಕಳೆದರೆ ಹುಳಿತು ಕಾಫಿಗೆ ವಾಸನೆ ಹಿಡಿಯುತ್ತದೆ. ಅದಕ್ಕೇ 24ರಂದು ಅರ್ಧ ದಿನದ ಕೊಯ್ಲು, ಮೂರು ಗಂಟೆಯೊಳಗೆ ಪಲ್ಪರ್ ತಿರುಗಿಸಿ, ಬೀಜ ತೊಟ್ಟಿಗೆ ಹಾಕಿ, ಕೈಕಾಲು ತೊಳೆದು ಪೂಜೆಗೆ. ಸಿಪ್ಪೆ ಬಿಟ್ಟ ಬೀಜದ ಮೇಲಿನ ಲೋಳೆ ಕರಗಲು ಅರೇಬಿಕಾಗೆ 24ರಿಂದ 36 ಗಂಟೆ. ಚಳಿ ಬಿಗಿಯಾದಷ್ಟೂ ಹೆಚ್ಚು ಹೊತ್ತು. ಅಂದರೆ ಕ್ರಿಸ್‌ಮಸ್ ಊಟದ ಹೊತ್ತಿಗೆ ತೊಟ್ಟಿ ಹದವಾಗುತ್ತಿರುತ್ತದೆ. ಅದು ಹಬ್ಬಕ್ಕೆಂದು ನಿಲ್ಲುವುದಿಲ್ಲ.

ಹೀಗಾಗಿ ರೈಟರ್ ಊಟದ ನಡುವೆ ಎದ್ದು ಹೋಗುತ್ತಾನೆ. ತೊಟ್ಟಿಯೊಳಗೆ ಕೋಲು ಚುಚ್ಚಿ ತೆಗೆದರೆ ತೂತು ಹಾಗೇ ನಿಲ್ಲಬೇಕು. ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜಿದರೆ ಜಾರದೆ, ಸಣ್ಣ ಜಲ್ಲಿಕಲ್ಲು ಉಜ್ಜಿದಂತೆ ‘ಗರ್’ ಅನ್ನಬೇಕು. ಇನ್ನೂ ಜಾರುತ್ತಿದ್ದರೆ ಬಂದು ಮತ್ತೆ ಎಲೆಯ ಮುಂದೆ ಕೂರುತ್ತಾನೆ. ಹದ ಮೀರಿದರೆ ಕಾಫಿ ಲೋಟದಲ್ಲಿ ಕೊಳೆತ ವಾಸನೆ, ಇಡೀ ಲಾಟಿನ ಬೆಲೆ ಬೀಳುತ್ತದೆ. ಮನೆಯವರಿಗೆ ಇದು ಹಳೆಯ ದೂರು. ದುಡಿಮೆಯವನಿಗೆ ಒಂದರ್ಥದಲ್ಲಿ ನೆಮ್ಮದಿ. ತುಂಬಿದ ಮನೆಯಲ್ಲಿ ನಗುನಗುತ್ತಾ ಕೂರಲಾಗದವನಿಗೆ ತೊಟ್ಟಿಗಿಂತ ಒಳ್ಳೆಯ ನೆಪ ಸಿಗಲಾರದು.

ಡಿಸೆಂಬರ್ 26, ಕಣ ಮತ್ತು ಗಿರಿ

ಬೆಳಿಗ್ಗೆ ಐದೂವರೆಗೆ ತೊಟ್ಟಿ ತೊಳೆಯುತ್ತಾರೆ. ನೀರು ಮೂಳೆ ಕೊರೆಯುತ್ತದೆ. ಲೋಳೆ ಪೂರ್ತಿ ಹೋಗುವವರೆಗೆ ಮೂರ್ನಾಲ್ಕು ನೀರು, ತೇಲಿದ ಜೊಳ್ಳು ಬೇರೆ. ಕಣದಲ್ಲಿ ತೆಳ್ಳಗೆ ಹರಡಿ ಗಂಟೆಗೊಮ್ಮೆ ಕೈಯಾಡಿಸಬೇಕು, ಸಂಜೆ ಇಬ್ಬನಿಗೆ ಮೊದಲು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ವಾರ, ಹತ್ತು ದಿನ ಇದೇ ಕೆಲಸ. ನೋಡಲು ಹೋದವರು ಚಪ್ಪಲಿ ಬಿಟ್ಟೇ ಕಣಕ್ಕೆ ಇಳಿಯಿರಿ.

ಚರ್ಚಿನ ಪಂಚಾಂಗದಲ್ಲಿ ಈ ದಿನ ಸಂತ ಸ್ತೆಫಾನನದು, ಕಲ್ಲೆಸೆತಕ್ಕೆ ಸತ್ತ ಮೊದಲ ಹುತಾತ್ಮ. ಹುಟ್ಟಿದ ಹಬ್ಬದ ಮರುದಿನವೇ ಸಾವಿನ ನೆನಪು. ನಿನ್ನೆ ಬಿಳಿ ಉಟ್ಟ ಗುರುಗಳು ಇವತ್ತು ಕೆಂಪಿನಲ್ಲಿ. ಪೂಜೆಗೆ ಬರುವವರು ಬೆರಳೆಣಿಕೆ, ನಿನ್ನೆಯ ಹಾಡಿನ ತಂಡವೂ ಇಲ್ಲ. ಊರಿನಲ್ಲಿ ಹಬ್ಬ ತಪ್ಪಿಸಿಕೊಂಡವರು ಕೆಲವರು ಇಲ್ಲಿ ಸಿಗುತ್ತಾರೆ.

ಗಿರಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಬಾಬಾಬುಡನ್‌ಗಿರಿಯ ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ. ಕೆಲವು ವರ್ಷ ಅದು ಈ ವಾರದಲ್ಲೇ ಬೀಳುತ್ತದೆ, 2023ರಲ್ಲಿ ಸರಿಯಾಗಿ ಡಿಸೆಂಬರ್ 26. ಆಗ ಕೆಲವು ದಿನ ಗಿರಿ ಸಾಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಬೇರೆ ವರ್ಷಗಳಲ್ಲೂ ವಾಹನಕ್ಕೆ ಮಿತಿ ಇದೆ, 2025ರ ಸೆಪ್ಟೆಂಬರಿನಿಂದ ಆನ್‌ಲೈನಿನಲ್ಲಿ ಮುಂಗಡ ನೋಂದಣಿ ಬೇಕು. ರೂಮು ಕಾದಿರಿಸುವ ಮೊದಲು ಹುಣ್ಣಿಮೆ ಯಾವತ್ತು ಎಂದು ಕ್ಯಾಲೆಂಡರ್ ನೋಡುವುದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ, ಗಿರಿಯ ದಾರಿಯ ಕೈಮರ ಚೆಕ್‌ಪೋಸ್ಟಿನಲ್ಲಿ ವಾಪಸು ಕಳಿಸಿದಾಗ ಹೊಳೆಯುತ್ತದೆ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್, ಮೇಲಿನ ಗಾಳಿಗೆ ಕಿವಿ ಮುಚ್ಚುವ ಟೋಪಿ ಬೇಕು. ಉಳಿದದ್ದೆಲ್ಲ ನೂರಾರು ಕಡೆ ಬರೆದಿದೆ.

ಡಿಸೆಂಬರ್ 27

ಇವತ್ತು ಏನೂ ಇಟ್ಟುಕೊಳ್ಳಬೇಡಿ. ನಿದ್ದೆ, ಉಳಿದ ಬಫಾತು (ಎರಡನೆಯ ದಿನಕ್ಕೇ ಅದರ ರುಚಿ), ಸ್ಮಶಾನಕ್ಕೆ ಹೋಗುವವರು ಸಂಜೆ ಹೊರಡಿ. ಹೂವಿಗಿಂತ ಕುಡುಗೋಲು ಮುಖ್ಯ. ಮಳೆಗಾಲದ ಲಂಟಾನ ಡಿಸೆಂಬರಿಗೆ ಎದೆಮಟ್ಟ ಬೆಳೆದು ಸಮಾಧಿಯ ಹೆಸರೇ ಕಾಣದಂತೆ ಮಾಡಿರುತ್ತದೆ. ಕೈಗವಸು ಇರಲಿ.

ಡಿಸೆಂಬರ್ 28, ಕಡೂರು ಕಡೆಗೆ

ಹೆರೋದ ಅರಸ ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ದಿನ. ಗೋದಲಿಯ ದೀಪ ಇನ್ನೂ ಮಿಣುಕುತ್ತಿರುವಾಗಲೇ ಈ ಪಾಠ ಓದುತ್ತಾರೆ, ಮಕ್ಕಳನ್ನು ಕಳೆದುಕೊಂಡ ರಾಖೇಲಳು ಸಮಾಧಾನ ಒಲ್ಲೆ ಎನ್ನುವ ಸಾಲೂ ಅದರಲ್ಲಿದೆ. ಮಗು ಕಳೆದುಕೊಂಡ ಮನೆಯವರು 25ಕ್ಕೆ ಬರದೆ ಈ ದಿನ ಬಂದು ಕೂತರೆ ಆ ಸಾಲು ಅವರದ್ದೇ.

ಚಿಕ್ಕಮಗಳೂರಿನಿಂದ ಕಡೂರು ರಸ್ತೆಯಲ್ಲಿ ಸುಮಾರು 40 ಕಿ.ಮೀ., 2013ರಿಂದ ರೈಲೂ ಇದೆ. ಕಡೂರಿನಲ್ಲಿ ಬೆಂಗಳೂರಿನ ಗಾಡಿ ಹಿಡಿಯಬಹುದು. ಕೊಕ್ಕಿಸಾಂ ಒಯ್ಯುವವರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಪುಡಿಯಾಗುತ್ತದೆ. ಅಗಲ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ಪದರಕ್ಕೊಂದು ಪೇಪರ್ ಹಾಕಿ, ಪೂರ್ತಿ ಆರಿದ ಮೇಲೆ ಮುಚ್ಚಿ. ಮನೆಯಲ್ಲಿ ನಕ್ಷತ್ರ, ಗೋದಲಿ ಇಟ್ಟವರು ಈಗಲೇ ಬಿಚ್ಚುವ ಆತುರ ಬೇಡ. ಮೂವರು ಜ್ಞಾನಿಗಳ ಗೊಂಬೆ ತೊಟ್ಟಿಲ ಹತ್ತಿರಕ್ಕೆ ಬರುವುದೇ ಜನವರಿ 6ರ ಆಸುಪಾಸಿಗೆ. ಅಷ್ಟರಲ್ಲಿ ರಾಗಿ ಪೈರು ಗೇಣುದ್ದವಾಗಿ ಬಾಗಿ, ಗೋದಲಿಯ ಕುರಿಗಳು ಕಾಣದ ಹಾಗೆ ಮುಚ್ಚಿರುತ್ತದೆ. ತಟ್ಟೆ ಸಮೇತ ಎತ್ತಿ ಕೊಟ್ಟಿಗೆಯ ದನಕ್ಕೆ ಹಾಕುತ್ತಾರೆ.